ಅವ್ವ ಬೆನ್ನು ಮಾಡಿದ್ದ ಕಡೆ

ಮಾರೇನಪಾಳ್ಯ, ಎಲೆಕ್ಟ್ರಾನಿಕ್ ಸಿಟಿಯ ಹಿಂದೆ
೬ ಜುಲೈ ೨೦೨೫, ಭಾನುವಾರ

ನನ್ನ ಸಿದ್ದಕ್ಕನಿಗೆ,

ನಿನ್ನ ತಂಗಿ ಗೌರಮ್ಮನ ನಮಸ್ಕಾರ. ನಾವೆಲ್ಲ ಕ್ಷೇಮ ಅಂತ ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಅವ್ವ ಇದ್ದಾಳೆ, ನಾನಿದ್ದೇನೆ. ಸದ್ಯಕ್ಕೆ ಇಷ್ಟೇ ಅಂದುಕೋ.

ಯುಗಾದಿಗೆ ನೀನು ಕಳಿಸಿದ ಕಾಗದ ಬಂತು, ಕಾಫಿಪುಡಿಯೂ ಬಂತು. ಪುಡಿ ಮುಗಿದು ಡಬ್ಬಿ ತೊಳೆದಿಟ್ಟೂ ಆಯಿತು, ಉತ್ತರ ಮಾತ್ರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ. 'ಏಳನೇ ಕ್ಲಾಸು ಓದಿದವಳಿಗೆ ನಾಲ್ಕು ಗೆರೆ ಗೀಚೋಕೆ ಏನು ರೋಗ' ಅಂತ ನೀನು ಅಂದದ್ದು ನನಗೆ ಇಲ್ಲಿಗೇ ಕೇಳಿಸುತ್ತದೆ. ರೋಗ ಏನೂ ಇಲ್ಲ ಅಕ್ಕ. ಒಳ್ಳೆಯ ಸುದ್ದಿಯೊಂದು ಆಗಲಿ, ಆಮೇಲೆ ಬರೆಯೋಣ ಅಂತ ಕಾದೆ. ಒಳ್ಳೆಯ ಸುದ್ದಿ ಆಯಿತು ಕೂಡ. ನಾನು ಕಾಗದ ತರುವಷ್ಟರಲ್ಲಿ ಅದು ಕೆಟ್ಟು ಕೂತಿತು. ನಿಮ್ಮ ಎಸ್ಟೇಟಿನ ಲೈನ್ ಮನೆಗೆ ಫೋನೂ ಹಿಡಿಯುವುದಿಲ್ಲವಲ್ಲ, ಇಲ್ಲದಿದ್ದರೆ ಅವತ್ತೇ ಬಾಯಿ ಬಡಿದುಕೊಂಡು ಹೇಳಿಬಿಡುತ್ತಿದ್ದೆ.

ಬಿಂದುಶ್ರೀ, ಅಜ್ಜಿಗೆ ಓದಿ ಹೇಳುತ್ತಿರುವವಳು ನೀನೇ ತಾನೆ? ನಿಮ್ಮಜ್ಜಿ ನಡುವೆ ಎದ್ದು ಸೌದೆ ತರುತ್ತೇನೆ, ನೀರು ತರುತ್ತೇನೆ ಅಂತ ಹೊರಡುತ್ತಾಳೆ. ಸೆರಗು ಹಿಡಿದು ಕೂರಿಸು. ಪೂರ್ತಿ ಓದು ಮಗಳೇ. ಬೇಡ ಅಂದರೂ ಬಿಡಬೇಡ.

ಬಿದಿರುದೊಡ್ಡಿಯ ವಿಷಯ ಅಕ್ಕ. ನಾವಿಬ್ಬರೂ ಕಾಗದದಲ್ಲಿ ಎಲ್ಲವನ್ನೂ ಬರೆದುಕೊಂಡಿದ್ದೇವೆ, ಅದೊಂದನ್ನು ಬಿಟ್ಟು. ನಮ್ಮ ಇರುಳಿಗರ ಗುಡಿಸಲುಗಳಿದ್ದ ಜಾಗದಲ್ಲಿ ಈಗ ದೊಡ್ಡ ಅಪಾರ್ಟ್‌ಮೆಂಟು ನಿಂತಿದೆ. ಅಲ್ಲೇ ನಾನು ಗಾರ್ಡನ್ ಕೆಲಸ ಮಾಡುತ್ತಿರುವುದು. ಅದರ ಕಾಂಪೌಂಡಿನಾಚೆ ಬೈರಪ್ಪನವರ ಜಮೀನು, ಲಾಂಟಾನ ಬೆಳೆದು ಖಾಲಿ ಬಿದ್ದಿತ್ತು. ನಮ್ಮವರನ್ನೆಲ್ಲ ಮಲಗಿಸಿರುವುದು ಆ ಖಾಲಿ ಜಾಗದಲ್ಲಿ. ಅಪ್ಪ ಅಲ್ಲಿದ್ದಾನೆ. ನಿನ್ನ ಕೂಸು ಅಲ್ಲಿದೆ. ಅದರೊಳಗೆ ಎಲ್ಲಿ ಅಂತ ನಾನು ಬರೆಯುವುದಿಲ್ಲ, ನೀನೂ ಕೇಳುವುದಿಲ್ಲ, ನಮ್ಮ ಪದ್ಧತಿ ನಿನಗೆ ಗೊತ್ತು.

ಇದೆಲ್ಲ ಹೇಗೆ ಶುರುವಾಯಿತು ಅಂದರೆ, ನನ್ನ ಬಾಯಿಂದಲೇ. ಅಪಾರ್ಟ್‌ಮೆಂಟಿನಲ್ಲಿ ನಿವೇದಿತಾ ಅಂತ ಒಬ್ಬರು ಮೇಡಂ ಇದ್ದಾರೆ, ಯಾವುದೋ ಕಂಪನಿಯಲ್ಲಿ ಕೆಲಸ. ನಾನು ಕಳೆ ಕೀಳುತ್ತಿದ್ದಾಗ ಬಂದು, "ನಿಮ್ಮ ಊರು ಯಾವುದು ಗೌರಮ್ಮ?" ಅಂದರು. ಇಲ್ಲೇ ಅಂದೆ. "ಇಲ್ಲೇ ಅಂದ್ರೆ? ಜಿಗಣಿನಾ, ಆನೇಕಲ್ಲಾ?" ಅಂದರು. ಬಿಸಿಲಿಗೆ ತಲೆ ಕಾದಿತ್ತು, ಸಿಟ್ಟು ಬಂತು. "ಇಲ್ಲೇ ಅಂದ್ರೆ ಇಲ್ಲೇ ಮೇಡಂ. ನೀವು ಕಾರು ನಿಲ್ಲಿಸ್ತೀರಲ್ಲ, ಅಲ್ಲಿತ್ತು ನಮ್ಮ ಒಲೆ" ಅಂದುಬಿಟ್ಟೆ. ಆಯಮ್ಮ ನಗಲಿಲ್ಲ, ಹೊರಟೂ ಹೋಗಲಿಲ್ಲ. ಹುಲ್ಲಿನ ಮೇಲೆ ನನ್ನ ಪಕ್ಕ ಕೂತುಬಿಟ್ಟರು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಒಬ್ಬರು ನನ್ನನ್ನು 'ಆಮೇಲೆ?' ಅಂತ ಕೇಳಿದರು ಅಕ್ಕ. ಬೆಂಕಿ ಇಟ್ಟದ್ದು, ಅವ್ವ ನನ್ನನ್ನು ಸೊಂಟಕ್ಕೆ ಎತ್ತಿಕೊಂಡು ಓಡಿದ್ದು, ನೀನೂ ಭಾವನೂ ಕೊಡಗಿನ ಕಡೆ ಹೋದದ್ದು, ಮಿಕ್ಕವರು ಕಲ್ಲು ಕ್ವಾರಿ ಸೇರಿ ಅಲ್ಲೇ ಒಬ್ಬೊಬ್ಬರಾಗಿ ಮುಗಿದದ್ದು, ಎಲ್ಲ ಹೇಳಿಕೊಂಡೆ.

ಅಲ್ಲಿಂದ ಹಿಡಿದರು ನೋಡು. ಅಪಾರ್ಟ್‌ಮೆಂಟಿನವರು ಸೇರಿದರು, ಕಾರ್ಖಾನೆ ಯೂನಿಯನ್ನಿನವರು ಸೇರಿದರು, ಕಾಲೇಜು ಮಕ್ಕಳು ಬಂದರು. ನಮ್ಮ ವಠಾರದಲ್ಲಿ ಪಕ್ಕದ ರೂಮಿನ ಮಲಕವ್ವ ಗೊತ್ತಲ್ಲ, ಬಾಗಲಕೋಟೆಯವಳು, ಗಾರೆ ಕೆಲಸಕ್ಕೆ ಹೋಗುವವಳು, ಅವಳು ತನ್ನ ಕಡೆಯವರನ್ನೆಲ್ಲ ಕಟ್ಟಿಕೊಂಡು ಬಂದಳು. "ನಮ್ಮೂರು ಡ್ಯಾಮಿನ ನೀರಾಗ ಹೋತು ಯವ್ವಾ, ನಮ್ಮ ಹಿರ್ಯಾರ ಗೋರಿ ನೀರಾಗಿನ ಮೀನಿಗಷ್ಟ ಗೊತ್ತು. ನಿಮ್ಮವರು ಮಣ್ಣಾಗರ ಅದಾರ. ನಾವೂ ಬರ್ತೀವಿ ನಡಿ" ಅಂದಳು. ಮಾರೇನಪಾಳ್ಯದ ಗೌಡರ ಮನೆಗಳಿಂದಲೂ ಕೆಲವರು ಬಂದರು. ಹಳೆಯದನ್ನು ಊರೆಲ್ಲ ಕೂತು ನಿಜವಾಗಿ ಹೇಳುವುದು, ಕೇಳುವುದು, ಆಮೇಲೆ ಒಟ್ಟಿಗೆ ಬಾಳುವುದು, ಇದಕ್ಕೊಂದು ಸಭೆ ಅಂತ ಮಾಡಿದರು. ನಾನು ಒಳಗೊಳಗೇ ನಕ್ಕೆ. ನಿಜ ಯಾರಿಗೆ ಬೇಕು ಇವರಿಗೆಲ್ಲ ಅಂದುಕೊಂಡೆ.

ಮೇ ತಿಂಗಳ ಒಂದು ಭಾನುವಾರ ಆ ಜಮೀನಿನಲ್ಲೇ ಶಾಮಿಯಾನ ಹಾಕಿದರು. ಬೈರಪ್ಪನವರು ಬಂದರು ಅಕ್ಕ. ಯಾರೂ ಎಣಿಸಿರಲಿಲ್ಲ. ಕೋಲೂರಿಕೊಂಡು ಬಂದು, ಮೈಕು ಬೇಡ ಅಂತ ತಳ್ಳಿ, ನಿಂತುಕೊಂಡೇ ಹೇಳಿದರು. "ಬೆಂಕಿ ಇಕ್ಕಿಸಿದ್ದು ನಮ್ಮಪ್ಪ. ಸೋಗೆಗೆ ಪಂಜು ತಾಗಿಸಿದ್ದು ಈ ಕೈ. ಇಲ್ಲಿ ಯಾರೂ ಇರ್ನಿಲ್ಲ, ಬರೀ ಬೀಳು ಅಂತ ಕಾಗ್ದದಾಗೆ ಬರ್ಸಿದ್ವಿ. ಇದ್ರು ಕಣ್ರಪ್ಪ. ಇವರೇ ಇದ್ರು. ಆಮ್ಯಾಕೆ ಬಂದೋರು ನಾವು." ಇಷ್ಟು ಹೇಳಿ ಅವ್ವನ ಮುಂದೆ ಕೂತುಬಿಟ್ಟರು. ಮುದುಕ ಗಳಗಳನೆ ಅತ್ತರು. ನಮ್ಮವ್ವ ಏನಂದಳು ಗೊತ್ತೆ? "ಏಳಪ್ಪ, ಮೇಲ್ಕೇಳು. ವಯಸ್ಸಾಗೈತೆ, ನೆಲ ಕಾದೈತೆ" ಅಂದಳು. ನನಗೆ ಹೊಟ್ಟೆ ಉರಿದುಹೋಯಿತು. ನಲವತ್ತು ವರ್ಷದ ಉರಿ ನಮ್ಮ ಅವ್ವನ ಬಾಯಲ್ಲಿ ಒಂದು ಬೈಗುಳವಾಗಿಯಾದರೂ ಬರಬಾರದೆ! ಆದರೂ ಅಕ್ಕ, ಆ ಹೊತ್ತಿಗೆ ನನ್ನ ಎದೆ ಮೇಲಿದ್ದ ಕಲ್ಲು ಯಾರೋ ಎತ್ತಿಟ್ಟ ಹಾಗಾಯಿತು. ಅದರಲ್ಲಿ ನಾನು ಸುಳ್ಳು ಹೇಳಲಾರೆ. ಅವತ್ತು ನಾನು ಖುಷಿಯಾಗಿದ್ದೆ.

ಆಮೇಲೆ ಬೈರಪ್ಪನವರ ಮಗ ಶಶಿಕುಮಾರ್ ಎದ್ದರು. ಜಮೀನನ್ನು ಅವರು ಒಂದು ಕಂಪನಿಗೆ ಲೀಸಿಗೆ ಕೊಟ್ಟಿದ್ದಾರೆ, ಆನ್‌ಲೈನಿನಲ್ಲಿ ತರಿಸುವ ಸಾಮಾನಿಡುವ ಗೋಡೌನು ಕಟ್ಟುತ್ತಾರಂತೆ. ಅಪ್ಪ ಅಳುತ್ತಿರುವಾಗ, ಅಷ್ಟು ಜನ ನೋಡುತ್ತಿರುವಾಗ, ಏನೂ ಹೇಳದೆ ಹೇಗೆ ಇರುತ್ತಾರೆ? "ಅಜ್ಜಿ ಎಲ್ಲಿ ತೋರಿಸ್ತಾರೋ ಅಷ್ಟು ಜಾಗ ಬೇಲಿ ಹಾಕಿ ಬಿಟ್ಕೊಡ್ತೀನಿ. ಅವರ ಕಾಲಾನಂತರ ಅವರನ್ನೂ ಅಲ್ಲೇ ಮಣ್ಣು ಮಾಡಿ. ನಂದೇನೂ ಅಭ್ಯಂತರ ಇಲ್ಲ" ಅಂದರು. ಚಪ್ಪಾಳೆಯೋ ಚಪ್ಪಾಳೆ. ಅವ್ವ ನನ್ನ ಕೈ ಹಿಚುಕಿ, "ಅವರ ಪಕ್ಕ ಮಲಗ್ತೀನಾ ನಾನು?" ಅಂದಳು. ಕಂಡಕಂಡವರನ್ನೆಲ್ಲ ಅದನ್ನೇ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಅಕ್ಕ. ಬೇರೆ ಇನ್ನೇನನ್ನೂ ಅವಳು ಈ ಲೋಕದ ಹತ್ತಿರ ಕೇಳಿದವಳಲ್ಲ.

ನಿವೇದಿತಾ ಮೇಡಂ ಅವ್ವನ ಭುಜ ಹಿಡಿದು, "ಅಜ್ಜಿ, ಎಲ್ಲಿ ಅಂತ ತೋರಿಸಿ" ಅಂದರು. ಅವ್ವ ಎದ್ದಳು. ಸೆರಗು ಸರಿ ಮಾಡಿಕೊಂಡಳು. ನಮ್ಮ ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತು, ಕೈ ಚಾಚಿ, ಬೋರ್‌ವೆಲ್ಲಿನ ಕಡೆ ಬೆರಳು ತೋರಿಸಿದಳು.

ನಾನು ಪಕ್ಕದಲ್ಲೇ ಇದ್ದೆ. ನನ್ನ ಕಣ್ಣು ತಾನಾಗಿಯೇ ಅವ್ವನ ಬೆನ್ನ ಹಿಂದಕ್ಕೆ ಹೋಯಿತು, ಮನಸ್ಸಿನಲ್ಲೇ ಅಪ್ಪನಿಗೆ ಕೈ ಮುಗಿದೆ. ಎಲ್ಲರೂ ಅಳುತ್ತಿದ್ದರು, ಫೋನು ಹಿಡಿದು ವಿಡಿಯೋ ಮಾಡುತ್ತಿದ್ದರು. ಎಲ್ಲರಿಗೂ ತಿಳಿಯಿತು ಅಂದುಕೊಂಡೆ ಅಕ್ಕ! ನನ್ನ ತಲೆಗೆ ಇಷ್ಟು ಹೊಳೆಯಲಿಲ್ಲ. ಚಿಕ್ಕಂದಿನಿಂದ ನೋಡಿದ್ದು ಹಾಗೆ, ಮಣ್ಣಿಗೆ ಹೋದವರು ಎಲ್ಲಿ ಅಂತ ಕೇಳಿದರೆ ಹಿರಿಯರು ಬೆನ್ನು ಮಾಡಿ ಎದುರು ದಿಕ್ಕು ತೋರಿಸುತ್ತಾರೆ, ಕೇಳಿದವರು ಅವರ ಬೆನ್ನ ಹಿಂದೆ ನೋಡಿಕೊಳ್ಳುತ್ತಾರೆ. ಬೇರೆ ದೊಡ್ಡಿಯವರಿಗೆ ಇದು ಉಂಟೋ ಇಲ್ಲವೋ, ನಮ್ಮ ದೊಡ್ಡಿಗಂತೂ ಉಂಟು. ಲೋಕದಲ್ಲಿ ಬೇರೆಯವರು ಬೆರಳು ಹೋದ ಕಡೆ ನೋಡುತ್ತಾರೆ ಅನ್ನುವುದೇ ನನಗೆ ಮರೆತುಹೋಗಿತ್ತು. ಮನೆಗೆ ಬಂದು ಅವ್ವನೂ ನಾನೂ ಪಾಯಸ ಮಾಡಿ ವಠಾರಕ್ಕೆಲ್ಲ ಹಂಚಿದೆವು. ದಡ್ಡಿಯರು.

ಜೂನಿನಲ್ಲಿ ಕೆಲಸಕ್ಕೆ ಹೋಗುವಾಗ ನೋಡುತ್ತೇನೆ, ಬೋರ್‌ವೆಲ್ಲಿನ ಹತ್ತಿರ ಕಂಬ ನೆಟ್ಟು ತಂತಿ ಬಿಗಿಯುತ್ತಿದ್ದಾರೆ. ಗೋಡೌನಿನವರ ಸಾಮಾನೇನೋ ಅಂದುಕೊಂಡೆ. ಹತ್ತಿರ ಹೋದರೆ ಒಂದು ಗ್ರಾನೈಟ್ ಕಲ್ಲು, ಮೇಲೆ ಚೆನ್ನಾಗಿ ಕೆತ್ತಿಸಿದ್ದಾರೆ: 'ಬಿದಿರುದೊಡ್ಡಿಯ ಇರುಳಿಗ ಹಿರಿಯರು ಇಲ್ಲಿ ಮಲಗಿದ್ದಾರೆ.' ಇಲ್ಲಿ ಅಂತೆ! ಅಲ್ಲಿ ಮಲಗಿರುವುದು ಬೋರ್‌ವೆಲ್ಲಿನ ಪೈಪು. ಅವ್ವ ಬೆನ್ನು ಮಾಡಿದ್ದ ಕಡೆ ನೋಡಿದರೆ, ಸುಣ್ಣದ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳೆದಿದ್ದಾರೆ, ಗೋಡೌನಿನ ಪಿಲ್ಲರಿಗೆ. ಕೈಯಲ್ಲಿದ್ದ ಊಟದ ಡಬ್ಬಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ಓಡಿಹೋಗಿ ಮೇಡಂಗೆ ಹೇಳಿದೆ. ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. "ಆದ್ರೆ ಗೌರಮ್ಮ, ಅಜ್ಜಿನೇ ತೋರ್ಸಿದ್ರಲ್ವಾ, ನಾನೇ ಪಕ್ಕದಲ್ಲಿದ್ದೆ" ಅಂದರು. ಮಣ್ಣಿನಲ್ಲಿ ಮಲಗಿದವರ ಕಡೆ ಬೆರಳು ಮಾಡಬಾರದು, ಮಾಡಿದರೆ ಅವರು ಕರೆದರು ಅಂತ ಎದ್ದು ಕೂರುತ್ತಾರೆ, ಮತ್ತೆ ಅವರಿಗೆ ನಿದ್ದೆ ಹತ್ತುವುದಿಲ್ಲ ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಆಯಮ್ಮನ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. "ಅಯ್ಯೋ, ನಾವು ಒಂದು ಮಾತು ಕೇಳಬೇಕಿತ್ತು. ಕಲ್ಲು ಕೆತ್ಸೋಕೆ ಮುಂಚೆ ಒಂದೇ ಒಂದು ಮಾತು ಕೇಳಬೇಕಿತ್ತು" ಅಂತ ಅತ್ತರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಇಬ್ಬರೂ ಶಶಿಕುಮಾರ್ ಹತ್ತಿರ ಹೋದೆವು. ಸೈಟಿನಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡು ಜೇಬಿನಿಂದ ಫೋನು ತೆಗೆದು ವಿಡಿಯೋ ಹಾಕಿದರು. ಅವ್ವ ಎದ್ದು ನಿಂತು ಕೈ ಚಾಚುವುದು ಸ್ಪಷ್ಟವಾಗಿ ಕಾಣುತ್ತದೆ. "ಮೇಡಂ, ಊರೆಲ್ಲ ನೋಡಿದೆ. ಇವತ್ತು ಇಲ್ಲಿ ಅಂತಾರೆ, ನಾಳೆ ಅಲ್ಲಿ ಅಂತಾರೆ, ನಾಡಿದ್ದು ನಿಮ್ಮ ಅಪಾರ್ಟ್‌ಮೆಂಟ್ ಸ್ವಿಮ್ಮಿಂಗ್ ಪೂಲಲ್ಲಿ ಅಂತಾರೆ. ಆವಾಗ ಬಿಟ್ಕೊಡ್ತೀರಾ?" ಅಂದರು. ಬೆರಳಿಗೆ ತದ್ವಿರುದ್ಧ ದಿಕ್ಕೇ ನಿಜ ಅಂತ ಬರೆದುಕೊಳ್ಳೋಣ ಅಂತ ಮೇಡಂ ಅಂದದ್ದಕ್ಕೆ, "ಯಾವ ಬೆರಳು ಸರಿ, ಯಾವುದು ಉಲ್ಟಾ ಅಂತ ಆಮೇಲೆ ಹೇಳ್ತಾರಾ? ಹೋಗಿ ಯಾವ ಲಾಯರಿಗಾದ್ರೂ ಹೇಳಿ ಮೇಡಂ, ನಗ್ತಾನೆ" ಅಂದರು. ನನ್ನ ಕಡೆ ತಿರುಗಿ, "ನೋಡಮ್ಮ, ನಂಗೂ ಪಾಪ ಅನ್ಸುತ್ತೆ. ಆಗ ವಯಸ್ಸಿಗೆ ಬಂದಿದ್ದೋರು ಇನ್ನೊಬ್ರು ಬಂದು ನೇರವಾಗಿ ತೋರಿಸ್ಲಿ, ಅಪ್ಪನ ಮಾತಿಗಾದ್ರೂ ಬೇಲಿ ಅತ್ಲಾಗೆ ಹಾಕಿಸ್ತೀನಿ. ಆಷಾಢ ಕಳೀಲಿ ಅಂತ ಕಾಯ್ತಿದೀನಿ, ಶ್ರಾವಣ ಹುಟ್ಟಿದ ತಕ್ಷಣ ಗುದ್ದಲಿ ಪೂಜೆ. ಅಲ್ಲಿವರ್ಗೆ ಟೈಮು" ಅಂದರು. ಅಲ್ಲಿ ಇನ್ನೂ ಒಂದು ಆಯಿತು. ಅದಿರಲಿ.

ನಿಜ ಹೇಳಿದ ಬೈರಪ್ಪನವರು ಆಗಿನಿಂದ ಮನೆಯಿಂದ ಹೊರಗೆ ಬಂದಿಲ್ಲ. ಬಂದರೂ ಪ್ರಯೋಜನವಿಲ್ಲ. ಗುಡಿಸಲು ಎಲ್ಲಿದ್ದವು ಅಂತ ಅವರಿಗೆ ಗೊತ್ತು, ನಾವು ಮಲಗಿಸಿದ ಜಾಗ ಗೊತ್ತಿಲ್ಲ.

೯ ಜುಲೈ, ಬುಧವಾರ

ಭಾನುವಾರ ಇಲ್ಲಿಗೆ ನಿಲ್ಲಿಸಿದ್ದೆ, ಅವ್ವನಿಗೆ ಎದೆ ಕಟ್ಟಿತು. ಆಸ್ಪತ್ರೆಗೆ ತೋರಿಸಿಕೊಂಡು ಬಂದೆವು. ವಯಸ್ಸಾಯಿತು, ಮನೆಯಲ್ಲೇ ನೋಡಿಕೊಳ್ಳಿ ಅಂದರು. ಹಾಗೆ ಅಂದರೆ ಏನು ಅರ್ಥ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಅವ್ವನನ್ನು ಕೇಳಲಿಲ್ಲವೇ ಅನ್ನುತ್ತೀಯ. ಕೇಳದೆ ಬಿಡುತ್ತೇನಾ? ಬೇಲಿ ಹಾಕಿದ ಸಂಜೆಯೇ ಕಾಲು ಹಿಡಿದು ಕೇಳಿದೆ. ಅವ್ವ, ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಒಂದೇ ಒಂದು ಸಲ ನೇರವಾಗಿ ತೋರಿಸು ಅಂದೆ. ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯಲಾರೆ. "ಬೆರಳು ಮಾಡಿ ಎಬ್ಬಿಸ್ಬುಟ್ಟು, ಆಮ್ಯಾಕೆ ಅವರ್ನ ಎಲ್ಲಿ ಮಲಗಿಸ್ಲವ್ವ? ನನ್ ಸುಖಕ್ಕೆ ಅವರ ನಿದ್ದೆ ಕೆಡಿಸ್ಲಾ?" ಅಂದಳು. ಮೇಡಂ ಬಂದು, "ಅಜ್ಜಿ, ಕೈ ತೋರಿಸ್ಬೇಡಿ, ಸುಮ್ನೆ ನಡ್ಕೊಂಡು ಹೋಗಿ ಅಲ್ಲಿ ನಿಂತ್ಕೊಳ್ಳಿ ಸಾಕು" ಅಂದರು. "ಬೆರಳಾದ್ರೇನು ಕಾಲಾದ್ರೇನು ತಾಯಿ, ತೋರ್ಸಿದ್ದು ತೋರ್ಸಿದ್ದೇ" ಅಂದಳು. ಮಣ್ಣು ಅಗೆದು ನೋಡಲು ಅನುಮತಿ ಕೇಳೋಣ ಅಂತ ಯೂನಿಯನ್ನಿನವರೊಬ್ಬರು ಅಂದದ್ದೇ ತಡ, ಕಿವಿ ಮುಚ್ಚಿಕೊಂಡುಬಿಟ್ಟಳು.

ಗೋಡೌನು ಬಂದರೆ ಅವರ ಎದೆ ಮೇಲೆ ಲಾರಿ ಓಡುತ್ತವೆ ಅವ್ವ, ಆಗ ನಿದ್ದೆ ಬರುತ್ತಾ ಅಂತ ನಾನು ಕಿರುಚಿದೆ. ಹೌದು, ಅವ್ವನ ಮೇಲೆ ಕಿರುಚಿದೆ. ವಠಾರವೆಲ್ಲ ಬಾಗಿಲಿಗೆ ಬಂತು. ಅವ್ವ ನಿಧಾನಕ್ಕೆ ಅಂದಳು, "ಅದು ಅವರು ಮಾಡೋ ಪಾಪ ಕಣವ್ವ. ಇದು ನಾವು ಮಾಡೋದು." ಅವಳು ಹೇಳುವುದು ಸರಿ ಅಂತ ಒಂದು ಮನಸ್ಸು. ಅಪ್ಪನನ್ನೂ ಕೂಸನ್ನೂ ಸಿಮೆಂಟಿನ ಕೆಳಗೆ ಬಿಟ್ಟು, ಅವ್ವನನ್ನು ತಂದು ಬೋರ್‌ವೆಲ್ಲಿನ ಪಕ್ಕ ಒಂಟಿಯಾಗಿ ಹೂಳಿ, ಆ ಸುಳ್ಳು ಕಲ್ಲಿಗೆ ಹೂವು ಹಾಕಲೇ ಅಂತ ಇನ್ನೊಂದು ಮನಸ್ಸು. ಎರಡೂ ಮನಸ್ಸು ಸೇರಿ ನನ್ನನ್ನು ತಿಂದು ಹಾಕುತ್ತಿವೆ. ಕೆಲಸದಲ್ಲಿ ಮೊನ್ನೆ ಕಳೆ ಬಿಟ್ಟು ಸೇವಂತಿಗೆ ಸಸಿಗಳನ್ನೇ ಸಾಲಾಗಿ ಕಿತ್ತುಹಾಕಿದ್ದೆ, ಸೂಪರ್‌ವೈಸರ್ ಬಂದು ಬೈದಾಗಲೇ ಗೊತ್ತಾದದ್ದು.

ಸಭೆಗೆ ಬಂದಿದ್ದವರು ಯಾರೂ ನಮ್ಮನ್ನು ಕೈಬಿಟ್ಟಿಲ್ಲ, ಅದನ್ನೂ ಹೇಳಬೇಕು. ದಿನಾ ಸಂಜೆ ಒಬ್ಬರಲ್ಲ ಒಬ್ಬರು ಬರುತ್ತಾರೆ. ಆ ಗ್ರಾನೈಟ್ ಕಲ್ಲನ್ನು ತಾವೇ ಹೋಗಿ ಬಟ್ಟೆ ಸುತ್ತಿ ಮುಚ್ಚಿದ್ದಾರೆ. ಗುದ್ದಲಿ ಪೂಜೆಯ ದಿನ ಅಡ್ಡ ಕೂರುತ್ತೇವೆ ಅಂತ ಮಲಕವ್ವನ ಕಡೆಯವರು ಹೇಳಿದ್ದಾರೆ, ಕೂಲಿ ಬಿಟ್ಟು. ಕಾಲೇಜು ಹುಡುಗಿಯೊಬ್ಬಳು, "ಅಕ್ಕ, ನಾವು ನಿಜ ಕೇಳ್ತೀವಿ ಅಂತ ಬಂದು ನಿಮ್ಮ ನಿಜಾನೇ ಹಾಳು ಮಾಡಿದ್ವಾ?" ಅಂತ ನನ್ನ ತಬ್ಬಿಕೊಂಡು ಅತ್ತಳು. ಅವಳನ್ನು ನಾನೇ ಸಮಾಧಾನ ಮಾಡಬೇಕಾಯಿತು. ನನ್ನ ಸಮಾಧಾನಕ್ಕೆ ನೀನಿಲ್ಲ ಇಲ್ಲಿ. ಆದರೆ ಅಡ್ಡ ಕೂತವರನ್ನು ಪೊಲೀಸಿನವರು ಎಷ್ಟು ಹೊತ್ತು ಕೂರಿಸುತ್ತಾರೆ? ಮಧ್ಯಾಹ್ನದ ಊಟಕ್ಕೆ ಮುಂಚೆ ಎತ್ತಿ ವ್ಯಾನಿಗೆ ಹಾಕುತ್ತಾರೆ. ಎಲ್ಲಿ ಅಂತ ತೋರಿಸುವವರು ಇಲ್ಲದಿದ್ದರೆ ಯಾವುದಕ್ಕೆ ಅಂತ ಅಡ್ಡ ಕೂರುವುದು?

ಈಗ ಕೇಳುತ್ತೇನೆ. ಬಿಂದುಶ್ರೀ, ಸೆರಗು ಗಟ್ಟಿಯಾಗಿ ಹಿಡಿದಿದ್ದೀಯಲ್ಲ?

ಬಾ ಅಕ್ಕ. ಆಗ ವಯಸ್ಸಿಗೆ ಬಂದಿದ್ದವರಲ್ಲಿ, ಮಲಗಿಸಿದ್ದನ್ನು ಕಣ್ಣಾರೆ ಕಂಡು ಉಳಿದಿರುವವಳು ಅವ್ವನನ್ನು ಬಿಟ್ಟರೆ ನೀನೊಬ್ಬಳೇ; ಭಾವನವರು ಆಗ ದೂರ ಕೂಲಿಗೆ ಹೋಗಿದ್ದರಲ್ಲ. ಅಪ್ಪನನ್ನು ಮಲಗಿಸುವಾಗ ನೀನಿದ್ದೆ. ಕೂಸನ್ನು ಮಡಿಲಿನಿಂದ ಇಳಿಸಿದವಳೇ ನೀನು. ಬಂದು ಎಲ್ಲರ ಎದುರು ನೇರವಾಗಿ ಬೆರಳು ಮಾಡು. ಹೆತ್ತ ಕೂಸಿನ ಕಡೆ ಬೆರಳು ಮಾಡಿ ಎಬ್ಬಿಸು ಅಂತ ಯಾವ ತಂಗಿ ಅಕ್ಕನನ್ನು ಕೇಳುತ್ತಾಳೆ ಅಂತ ನೀನು ಅನ್ನಬಹುದು. ಉಗಿದರೆ ಉಗಿ. ಆ ದಾರಿ ತುಳಿಯುವುದಿಲ್ಲ ಅಂತ ಅವತ್ತು ಹೊರಟವಳು ಇವತ್ತಿನವರೆಗೂ ತುಳಿದಿಲ್ಲ ನೀನು. ನನ್ನ ಮದುವೆಗೂ ಬರಲಿಲ್ಲ, ನನ್ನ ಗಂಡ ಹೋದಾಗಲೂ ಬರಲಿಲ್ಲ. ನಾನು ಒಂದು ಸಲವಾದರೂ ಯಾಕೆ ಅಂತ ಕೇಳಿದೆನೇ? ಕೇಳಲಿಲ್ಲ, ಯಾಕೆಂದರೆ ನನಗೆ ಗೊತ್ತಿತ್ತು. ಈಗ ಒಂದೇ ಒಂದು ಸಲ ಕೇಳುತ್ತಿದ್ದೇನೆ. ನಾನು ಆಗ ಲಂಗದ ಹುಡುಗಿ, ನನ್ನ ಮಾತು ಯಾರ ಹತ್ತಿರವೂ ನಡೆಯುವುದಿಲ್ಲ. ನಿನ್ನ ಮಾತು ನಡೆಯುತ್ತದೆ.

ಸಿದ್ದಾಪುರದಿಂದ ಮೈಸೂರಿಗೆ ಬಂದು ಬೆಂಗಳೂರು ಬಸ್ಸು ಹತ್ತು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ಮರೆಯಬೇಡ. ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿ. ಮೈಸೂರಿನಿಂದ ಯಾರ ಫೋನಿನಲ್ಲಾದರೂ ಒಂದು ಮಾತು ಹೇಳಿಸು, ನಾನು ಅಲ್ಲಿ ಬಂದು ನಿಂತಿರುತ್ತೇನೆ. ಎಷ್ಟು ಹೊತ್ತಾದರೂ ನಿಂತಿರುತ್ತೇನೆ. ಮುಖ ಗುರುತು ಸಿಗದಿದ್ದರೆ ಹಸಿರು ಯೂನಿಫಾರ್ಮಿನ ಹೆಂಗಸನ್ನು ನೋಡು, ಅದೇ ನಾನು. ಆಷಾಢ ಮುಗಿಯುವುದರೊಳಗೆ ಬಾ. ನಿನ್ನ ಮಂಡಿನೋವಿಗೆ ಎಣ್ಣೆ ಕಾಯಿಸಿಡುತ್ತೇನೆ.

ಭಾವನವರಿಗೆ ನಮಸ್ಕಾರ ತಿಳಿಸು. ಬಿಂದುಶ್ರೀ, ನೀನು ಚೆನ್ನಾಗಿ ಓದು ಕಂದ, ಯಾರೂ ನಿನ್ನನ್ನು ಇದ್ದ ಜಾಗದಿಂದ ಏಳಿಸದ ಹಾಗೆ ಬಾಳು. ನಮ್ಮ ಹಿರಿಯರು ಎಲ್ಲಿದ್ದರೂ ನಿನ್ನನ್ನು ಕಾಯಲಿ.

ನಿನ್ನ ಕಾಲಿಗೆ ಬಿದ್ದು ಕೇಳುವ
ತಂಗಿ ಗೌರಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂತ ಇದ್ದೆ. ಅಂಚೆಗೆ ಹಾಕಲು 'ಇವತ್ತು, ನಾಳೆ' ಅಂತ ಮೂರು ದಿನ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ. ಆಗಲಿಲ್ಲ. ಶಶಿಕುಮಾರ್ ಹತ್ತಿರ ಹೋದ ದಿನ ಇನ್ನೂ ಒಂದು ಆಯಿತು ಅಂದೆನಲ್ಲ. ನಾನೇ ತೋರಿಸಿಬಿಟ್ಟೆ ಅಕ್ಕ. ಅವರು ವಿಡಿಯೋ ಹಾಕಿ ನಗುತ್ತಿದ್ದಾಗ ನನಗೆ ಏನೂ ಕಾಣಲಿಲ್ಲ, ಕೈ ಎತ್ತಿ, ಅವ್ವ ಬೆನ್ನು ಮಾಡಿದ್ದ ಕಡೆಯ ಹೊಂಗೆಮರದ ಬುಡಕ್ಕೆ ಬೆರಳು ಮಾಡಿ, "ಇಲ್ಲಿ ನಮ್ಮಪ್ಪ, ಇಲ್ಲಿ ನಮ್ಮಕ್ಕನ ಕೂಸು" ಅಂದೆ. "ನಿಂಗಾಗ ಎಷ್ಟು ವಯಸ್ಸಮ್ಮ?" ಅಂದರು. ಅಷ್ಟಕ್ಕೇ ಮುಗಿಯಿತು. ಅವರಿಬ್ಬರನ್ನೂ ಎಬ್ಬಿಸಿದ್ದೂ ಆಯಿತು, ಜಾಗವೂ ಸಿಗಲಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಬೆರಳು ಮಾಡಿದ ಕೈಯಿಂದ ಹಿರಿಯರು ಏನೂ ತೆಗೆದುಕೊಳ್ಳುವುದಿಲ್ಲ, ಆ ಕೈ ಅವರ ಬಾಯಿಗೆ ಕೊನೆ ನೀರು ಬಿಡುವಂತಿಲ್ಲ, ಮಣ್ಣೂ ಹಾಕುವಂತಿಲ್ಲ. ನೀನು ಮರೆತಿರಲಾರೆ. ನಿನ್ನನ್ನು ಬಂದು ಬೆರಳು ಮಾಡು ಅಂತ ಇಷ್ಟುದ್ದ ಕೇಳಿದೆನಲ್ಲ, ನೀನೂ ಮಾಡಿದರೆ ಅವ್ವನಿಗೆ ಅಪ್ಪನ ಪಕ್ಕ ಜಾಗ ಸಿಗಬಹುದು, ಅವಳನ್ನು ಅಲ್ಲಿ ಮಲಗಿಸಲು ನಮ್ಮದು ಅಂತ ಒಂದು ಕೈಯೂ ಇರುವುದಿಲ್ಲ. ಬಂದು ಬೆರಳು ಮಾಡು ಅನ್ನಲೋ, ಬಂದು ಬರೀ ಅವ್ವನಿಗೆ ನೀರು ಕುಡಿಸು ಅನ್ನಲೋ, ನನಗೆ ತಿಳಿಯುತ್ತಿಲ್ಲ. ಬರುವುದಂತೂ ಬಾ.

ನಿನ್ನೆ ಮಧ್ಯಾಹ್ನ ಅವ್ವ ನೀರು ಕೇಳಿದಳು. ನಾನು ಲೋಟ ಹಿಡಿದುಕೊಂಡು ಹೋದೆ. ಬಾಯಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿಕೊಂಡಳು. ಮಲಕವ್ವ ಕೆಲಸ ಮುಗಿಸಿ ಬಂದು ಕುಡಿಸುವವರೆಗೂ ಹಾಗೇ ಮಲಗಿದ್ದಳು.